ಟಿಕೆಟ್ಟಿನ ಬೆನ್ನು

ಕತೆ ಟಿಕೆಟ್ಟಿನ ಬೆನ್ನಿಗೆ ಹಿಡಿಯಬೇಕು.
ಅದೊಂದೇ ಕಾನೂನು ನಮ್ಮದು.
ಟಿಕೆಟ್ಟು ಬಿಎಂಟಿಸಿಯದೇ ಆಗಿರಲಿ ಎಂದು ಸೇರಿಸಿದವರು ಪುಟ್ಟಮಾದಯ್ಯ,
ಮೂವತ್ತೊಂದು ವರ್ಷ ಕಂಡಕ್ಟರಾಗಿದ್ದವರು.
ಮೆಟ್ರೋದಲ್ಲಿ ಬರುವ ಡೆನ್ಜಿಲ್ ತಕರಾರು ತೆಗೆದ:
‘ಟೋಕನ್ನಿನ ಮೇಲೆ ಹೇಗೆ ಬರೀಲಿ ಸಾರ್?’
‘ಇನ್ನೂ ಸಣ್ಣದು ಬರಿ.’

ಭಾನುವಾರ, ನಾಲ್ಕೂವರೆ. ಶ್ರೀನಗರ ಬಸ್‌ಸ್ಟ್ಯಾಂಡಿನ ಎದುರು
ಕುರ್ಚಿಯಿಲ್ಲದ ಹೋಟೆಲು.
ಎದೆಯೆತ್ತರದ ದುಂಡುಕಲ್ಲಿನ ಸುತ್ತ ಆರು ಜನ,
ಬೈಟೂ ಲೆಕ್ಕದಲ್ಲಿ ಮೂರು ಕಾಫಿ.
ಕತೆ ಉದ್ದವಾದರೆ ಇಲ್ಲಿ
ಮೊದಲು ಬೇಸರವಾಗುವುದು ಮೊಣಕಾಲಿಗೆ.

ನಾನು ಕಾಟನ್‌ಪೇಟೆಯ ಪ್ರೆಸ್ಸಿನಲ್ಲಿ
ಲಗ್ನಪತ್ರಿಕೆಗಳ ಕರಡು ತಿದ್ದುವವನು.
ಇಪ್ಪತ್ತೆರಡು ವರ್ಷದಲ್ಲಿ ಮುಹೂರ್ತ ತಪ್ಪಿಲ್ಲ, ಛತ್ರ ತಪ್ಪಿಲ್ಲ.
ತಪ್ಪಿದ್ದು ಒಂದು ಸಲ. ಅದನ್ನೇ ಬರೆದೆ:
‘ಪತ್ರಿಕೆಯಲ್ಲಿ ವರನ ಹೆಸರು ತಪ್ಪಿತ್ತು.
ವಧು ತಿದ್ದಿಸಲಿಲ್ಲ.’

ಕಲಾಸಿಪಾಳ್ಯದಲ್ಲಿ ಬೇರಿಂಗ್ ಮಾರುವ ಇಮ್ತಿಯಾಜ್
ಕನ್ನಡಕ ಹಣೆಗೇರಿಸಿ ಅಂದ:
‘ಕೊನೇ ಚುಕ್ಕಿ ತೆಗೀರಿ. ಅವಳಿನ್ನೂ ಯೋಚನೆ ಮಾಡ್ತಿದ್ದಾಳೆ.’
ತೆಗೆಯಲು ಕೈ ಬರಲಿಲ್ಲ ನನಗೆ.
ಕಸುಬು, ನೋಡಿ.

ವನಮಾಲಾ ಗಿರಿನಗರದಲ್ಲಿ ರವಿಕೆ ಹೊಲಿಯುತ್ತಾಳೆ.
ಅವಳ ವಿಮರ್ಶೆ ಎಲ್ಲ ಅಳತೆಯಲ್ಲೇ:
‘ಇಲ್ಲಿ ಅರ್ಧ ಇಂಚು ಲೂಸು.’
‘ತೋಳು ಚೆಂದ, ಕುತ್ತಿಗೆ ಉಸಿರು ಕಟ್ಟತ್ತೆ.’
‘ಈ ಮಾತು ಕತ್ತರಿಸಬೇಡಿ, ಒಳಗೆ ಮಡಚಿ.
ಮುಂದೆ ಕತೆ ದಪ್ಪ ಆದ್ರೆ ಬಿಚ್ಚಬಹುದು.’

ಒಂದು ವಾರ ಡೆನ್ಜಿಲ್ ಖಾಲಿ ಟಿಕೆಟ್ಟು ತಂದ.
‘ಇದೇ ಕತೆ,’ ಎಂದು ಕೈ ಕಟ್ಟಿ ನಿಂತ.
ನಾವು ಮೌನದ ಬಗ್ಗೆ ಏನೇನೋ ಮಾತಾಡಿದೆವು.
ಪುಟ್ಟಮಾದಯ್ಯ ಮಾತ್ರ ಮಗುಚಿ ಮುಂದಿನ ಬದಿ ಓದಿದರು:
‘ಹತ್ತು ರೂಪಾಯಿ ಟಿಕೆಟ್ಟು. ಈ ಸ್ಟೇಜು ಹತ್ತಕ್ಕೆ ಬರಲ್ಲ.
ಮಗನೇ, ಇದನ್ನ ರಸ್ತೇಲಿ ಎತ್ಕೊಂಡಿದೀಯ.’
ಸಾಂಬಾರು ಮೂಗಿಗೇರಿತು ಇಮ್ತಿಯಾಜನಿಗೆ.
ಬೆನ್ನು ಗುದ್ದಲು ಮೂವರು ಬೇಕಾದೆವು.

ಗೋದಾವರಿ ಮೇಡಂ ನಾಲ್ಕು ತಿಂಗಳಿಂದ ಬರುತ್ತಾರೆ,
ಓದಿದ್ದಿಲ್ಲ.
ಎಲ್ಲರೂ ನಕ್ಕು ಮುಗಿಸಿದ ಮೇಲೆ ಒಂದು ಸಲ ನಗುತ್ತಾರೆ,
ಕೊನೇ ಬಸ್ಸಿನ ಹಾಗೆ.
ಮೊನ್ನೆ ಪರ್ಸಿನಿಂದ ಒಂದು ಟಿಕೆಟ್ಟು ತೆಗೆದರು.
ಮುಂದಿನ ಅಚ್ಚು ಪೂರ್ತಿ ಮಾಸಿ
ಯಾವ ದಿನ, ಎಲ್ಲಿಂದ ಎಲ್ಲಿಗೆ, ತಿಳಿಯುವಂತಿಲ್ಲ.
ಹಿಂದೆ, ನೀಲಿ ಪೆನ್ನಿನಲ್ಲಿ:

‘ಎರಡು ಟಿಕೆಟ್ ಅಂದೆ.
ಕಂಡಕ್ಟರ್ ನನ್ನ ಪಕ್ಕ ನೋಡಿದ.
ಒಂದು ಕೊಟ್ಟ.’

ಲೂಸು ಅನ್ನಲಿಲ್ಲ ಯಾರೂ. ಬಿಗಿ ಅನ್ನಲಿಲ್ಲ.
ವನಮಾಲಾ ಬಟ್ಟಲಿನ ಅಂಚನ್ನು ಬೆರಳಿಂದ ಅಳೆಯುತ್ತಿದ್ದಳು.
ಚುಕ್ಕಿ ಎಣಿಸಿದೆ ನಾನು: ಮೂರು. ಮೂರೂ ಸರಿ.
ಟೇಬಲ್ ಒರೆಸುವ ಹುಡುಗ ಒದ್ದೆ ಬಟ್ಟೆ ಹಿಡಿದು
ನಮ್ಮ ಮುಖ ನೋಡಿ ಪಕ್ಕದ ಕಲ್ಲಿಗೆ ಹೋದ.

ಪುಟ್ಟಮಾದಯ್ಯ ಗಂಟಲು ಸರಿ ಮಾಡಿಕೊಂಡರು.
‘ಅಲ್ಲಮ್ಮ, ಎರಡಕ್ಕೆ ದುಡ್ಡು ಕೊಟ್ಟಿದ್ರಾ?’
‘ಕೊಟ್ಟಿದ್ದೆ.’
‘ಚಿಲ್ಲರೆ ವಾಪಸ್ಸು ಬಂತಾ?’
‘ಇಲ್ಲ.’
‘ಹಂಗಾದ್ರೆ ಕತೆ ಮುಗಿದಿಲ್ಲ.’
ಕಿವಿಯ ಹಿಂದಿನಿಂದ ಪೆನ್ನು ತೆಗೆದರು,
ರಿಟೈರಾದರೂ ಅಲ್ಲೇ ಇರುತ್ತದೆ ಅದು,
ಮೂರನೇ ಸಾಲಿನ ಕೆಳಗೆ ಅಡ್ಡಗೆರೆ ಎಳೆದು
ಹಳೆಯ ಓಡುಗೈಯಲ್ಲಿ ಬರೆದರು:
ಬಾಕಿ ೧೫.

ನಮಗೆ ಎದೆ ಧಸಕ್ಕೆಂದಿತು.
ಗೋದಾವರಿ ಮೇಡಂ ಟಿಕೆಟ್ಟನ್ನು ಬೆಳಕಿಗೆ ಹಿಡಿದರು.
‘ಯಾವಾಗ ಇಸ್ಕೊಳ್ಳಲಿ?’
‘ಇಳಿಯೋವಾಗ.’

ಆಮೇಲೆ ಅವರು ನಕ್ಕರು, ಎಲ್ಲರಿಗಿಂತ ಮೊದಲು.
ಆ ನಗೆಗೆ ಹೆದರಿ ಕೌಂಟರಿನವನು
ನಾವು ಕೇಳದೆಯೇ ಇನ್ನೂ ಮೂರು ಕಾಫಿ ಕಳಿಸಿದ.
ಬಿಲ್ಲು ನನ್ನ ಪಾಲಿಗೆ ಬಂತು, ಅದು ಬೇರೆ ಮಾತು.

ಇದನ್ನು ಬರೆಯಲು ಹದಿನಾಲ್ಕು ಟಿಕೆಟ್ಟು ಹಿಡಿಯಿತು.
ಭಾನುವಾರ ಓದಿದರೆ ವನಮಾಲಾ ಎಷ್ಟು ಇಂಚು ಅನ್ನುತ್ತಾಳೋ.
ಬೈಸಿಕೊಳ್ಳಲು ತಯಾರಿದ್ದೇನೆ,
ಇಮ್ತಿಯಾಜನಿಗಾಗಿ ಈ ಒಂದು ಚುಕ್ಕಿ ಮಾತ್ರ
ಕಷ್ಟಪಟ್ಟು ಬಿಟ್ಟಿದ್ದೇನೆ