ಕೈ ಎಣಿಕೆ

ಇಳಿತ ಬೆಳಗಿನ ಜಾವ ನಾಲ್ಕೂವರೆಗೆ.
ಕಾಲೇಜಿನ ಬಿಳಿ ವ್ಯಾನು ಆಗಲೇ ಬಂದು ನಿಂತಿತ್ತು
ಪೆಟಿಗ್ರೂ ದಕ್ಕೆಯ ಪಕ್ಕ, ದೀಪ ಆರಿಸದೆ.
ಆಲ್ಡನ್ ಬೈದ: ಬ್ಯಾಟರಿ ಕೊಲ್ಲೋದನ್ನೂ ಕಾಲೇಜಲ್ಲಿ ಕಲಿಸ್ತಾರಾ?

ಹೀಗೆ ಶುರುವಾಯಿತು ಮೊದಲ ವರ್ಷ.
ಮೇಯ್ನ್ ಕರಾವಳಿಯ ಈ ಮೂಲೆಯಲ್ಲಿ
ಮುಖಕ್ಕಿಂತ ಮುಂಚೆ ಬೂಟು ನೋಡುತ್ತೇವೆ ನಾವು.
ಹುಡುಗರ ಬೂಟು ಹೊಸವು, ಗಿಡ್ಡನೆಯವು.
ಕೆಸರು ಒಂದನ್ನು ಇಟ್ಟುಕೊಂಡಿತು.
ಕಾಲುಚೀಲದಲ್ಲೇ ಕುಂಟುತ್ತ ಬಂದ ಹುಡುಗಿ ಹಮ್ದಿ,
ಲೂಯಿಸ್ಟನ್ನಿನವಳು, ತಾಯಿ ಸೊಮಾಲಿಯಾದಿಂದ ಬಂದವಳು,
"ಅಡ ಇಟ್ಟಿದ್ದೇನೆ, ಬಿಡಿಸಿಕೊಳ್ತೇನೆ" ಅಂದಳು.
ಆಲ್ಡನ್ ನಗಲಿಲ್ಲ. ಮಾರನೆಯ ದಿನ ಮಾತ್ರ
ಸತ್ತ ತಮ್ಮನ ಉದ್ದ ಬೂಟು ತಂದು
ವ್ಯಾನಿನ ಬಾಗಿಲಿಗೆ ಒರಗಿಸಿಟ್ಟ.

ಅವರು ಎಣಿಸಲು ಬಂದಿದ್ದರು.
ಬಲೆ ಹೊದಿಸಿದ ಮರದ ಪೆಟ್ಟಿಗೆ, ಒಳಗೆ ನಮ್ಮದೇ ಕೆಸರು,
ಕೆಸರಿನಲ್ಲಿ ಎಳ್ಳಿನಷ್ಟು ಚಿಪ್ಪಿಮರಿ.
ಬಲೆಯಿಲ್ಲದ ಕಡೆ ಹಸಿರು ಏಡಿ ಒಂದನ್ನೂ ಉಳಿಸಿರಲಿಲ್ಲ.
"ನಮ್ಮಪ್ಪನ ಕಾಲಕ್ಕೆ ಇವನ್ನು ಚಳಿ ಕೊಲ್ಲುತ್ತಿತ್ತು.
ಈಗ ಚಳಿಗೇ ವಯಸ್ಸಾಗಿದೆ," ಅಂದ ಆಲ್ಡನ್.
ಹಮ್ದಿ ಬರೆದುಕೊಂಡಳು,
ಯಾವ ಅಂಕಣವೆಂದು ತಿಳಿಯದೆ, ಕೊನೆಗೆ "ಇತರೆ"ಯಲ್ಲಿ.

ನಾನು ಊರ ಗುಮಾಸ್ತೆ. ನಾಯಿ ಲೈಸೆನ್ಸು, ಮರಣಪತ್ರ,
ಚಿಪ್ಪಿ ಅಗೆಯುವ ಪರವಾನಗಿ, ಎಲ್ಲ ಒಂದೇ ಕಪಾಟಿನಲ್ಲಿ.
ಪರವಾನಗಿ ಅರವತ್ತೊಂದಿದ್ದವು; ಈಗ ಹತ್ತೊಂಬತ್ತು.
ಎಣಿಕೆ ನನಗೂ ಗೊತ್ತು, ಯಾರೂ ಕೇಳಿರಲಿಲ್ಲ ಅಷ್ಟೆ.
ಎರಡನೆಯ ಚಳಿಗಾಲ ಮೇಷ್ಟ್ರು ಬಂದು ಕೇಳಿದರು.
ಹಳೆಯ ರಿಜಿಸ್ಟರು ಬಿಚ್ಚಿದೆವು. ಪುಟದ ನಡುವೆ
ಒಂದು ಒಣಗಿದ ಸೊಳ್ಳೆ, ಐವತ್ತೆಂಟನೆಯ ಇಸವಿಯದು.
ಅದನ್ನೂ ಲಕೋಟೆಗೆ ಹಾಕಿಕೊಂಡರು.

ಮೂರನೆಯ ಮಾರ್ಚಿಗೆ ಊರಸಭೆ, ಅಗ್ನಿಶಾಮಕದ ಶೆಡ್ಡಿನಲ್ಲಿ,
ಲಾರಿಯನ್ನು ಹೊರಗೆ ನಿಲ್ಲಿಸಿ ಕುರ್ಚಿ ಹಾಕಿ.
ಹಮ್ದಿ ನಕ್ಷೆ ಬಿಚ್ಚಿದಳು.
ಪೂರ್ವದ ಬಯಲನ್ನು ಮೂರು ವರ್ಷ ಮುಟ್ಟಬಾರದು, ಅಂದಳು.
ಪೂರ್ವದ ಬಯಲು ಆಲ್ಡನ್ನನದು,
ಕಾಗದದಲ್ಲಲ್ಲ, ಬೆನ್ನಿನಲ್ಲಿ.
ಹಿಂದಿನ ಸಾಲಿನಿಂದ ಯಾರೋ:
ಮೂರು ವರ್ಷ ಏನು ತಿನ್ನೋಣ, ನಿಮ್ಮ ನಕ್ಷೆಯನ್ನೇ?
"ಗೊತ್ತಿಲ್ಲ" ಅಂದಳು ಹಮ್ದಿ.
ಕಾಲೇಜಿನವರ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು.
ಸಭೆ ಯಾಕೋ ಸಡಿಲವಾಯಿತು.
ಕಾಲೇಜಿನ ಅಡುಗೆಮನೆ ಏಡಿ ಕೊಳ್ಳಲಿ, ಅಂದಳು ಮುದುಕಿ ವಿನಿಫ್ರೆಡ್,
ಸಾರು ಮಾಡಲಿ, ಗೊಬ್ಬರ ಮಾಡಲಿ, ನಮಗೇನು,
ಬೆಲೆ ಮಾತ್ರ ಬರೆದುಕೊಡಲಿ.
ಮೇಷ್ಟ್ರು ಬರೆದುಕೊಟ್ಟರು, ಸಭೆಯ ಸೂಚನಾಪತ್ರದ ಹಿಂಬದಿಗೆ.

ಒಪ್ಪುವವರು ಕೈಯೆತ್ತಿ, ಅಂದರು ಅಧ್ಯಕ್ಷರು.
ನಾನು ಎಣಿಸಿದೆ. ನಲವತ್ತು, ನಲವತ್ತೊಂದು.
ವಿರುದ್ಧ? ನಲವತ್ತೊಂದು.
ಆಲ್ಡನ್ ಎರಡೂ ಸಲ ಕೈಯನ್ನು ಜೇಬಿನಲ್ಲೇ ಇಟ್ಟುಕೊಂಡಿದ್ದ.
ಅಧ್ಯಕ್ಷರು ಕನ್ನಡಕ ಒರೆಸಿದರು.
ಇನ್ನೊಮ್ಮೆ ನೋಡೋಣ, ಒಪ್ಪುವವರು.

ಎದ್ದ ಆ ಕೈ ನನಗೆ ಗೊತ್ತಿರುವ ಕೈ:
ಮಡಿಸಲಾಗದ ಎರಡು ಬೆರಳು, ಉಗುರಿನ ಸುತ್ತ
ಸಾಬೂನಿಗೆ ಜಗ್ಗದ ಕಪ್ಪು.
ಹದಿನೇಳು ವರ್ಷ ನನ್ನ ಹೆಗಲ ಮೇಲಿದ್ದು
ಆಮೇಲೆ ಇಲ್ಲವಾದದ್ದು.
ಮಿಕ್ಕವನ್ನೆಲ್ಲ ಎಣಿಸಿ
ಅದನ್ನು ಕೊನೆಗೆ ಎಣಿಸಿದೆ.

ಹೊರಗೆ ವ್ಯಾನು ಸ್ಟಾರ್ಟ್ ಆಗಲಿಲ್ಲ. ದೀಪ ಆರಿಸಿರಲಿಲ್ಲ.
ಆಲ್ಡನ್ ತನ್ನ ಟ್ರಕ್ಕಿನಿಂದ ತಂತಿ ತಂದ,
ಬೈಯುತ್ತ.