ಸಾಕು

ತಾರ್ತುವಿನಲ್ಲಿ ಡಿಸೆಂಬರ್. ಮಧ್ಯಾಹ್ನ ಮೂರೂವರೆಗೇ
ಕಿಟಕಿಗೆ ಕತ್ತಲು ಅಂಟಿಕೊಂಡಿದೆ.
ನೆಲಮಾಳಿಗೆಯ ಫ್ರೀಜರಿನಿಂದ, ಸೊನ್ನೆಗಿಂತ ಎಂಬತ್ತು ಕೆಳಗಿನಿಂದ,
ಹನ್ನೊಂದು ನಳಿಗೆ ಎತ್ತಿ ತಂದಿದ್ದಾಳೆ ಹೆಲ್ಯು:
ಹನ್ನೊಂದು ವರ್ಷದ ಒಬ್ಬನೇ ಮನುಷ್ಯ.

ಹೆಸರಿಲ್ಲ. ಗೀಟು ಗೀಟಿನ ಚೀಟಿ.
ಆದರೆ ವರ್ಷ ವರ್ಷವೂ ತೋಳಿಗೆ ಪಟ್ಟಿ ಬಿಗಿದು
ನರ ಹುಡುಕಿದವಳು, ಚೀಟಿ ಅಂಟಿಸಿದವಳು ಅವಳೇ.
ಮೊಣಕೈ ಮಡಿಕೆಯಲ್ಲಿ ಚರ್ಮದೊಳಗೇ ಉಳಿದುಹೋದ
ಕಂದು ಚುಕ್ಕೆಗಳ ಗುರುತು ಮರೆಯುವುದು ಹೇಗೆ?
ಸವೇಲಿ. ಕೊಹ್ತ್ಲಾ-ಯಾರ್ವೆಯವನು.
ಇಪ್ಪತ್ತೇಳು ವರ್ಷ ನೆಲದಡಿಯಲ್ಲಿ
ಉರಿಯುವ ಕಲ್ಲನ್ನು ಅಗೆದವನು.
ಅವನ ಊರಿನ ಬೆಟ್ಟಗಳೂ ಬೂದಿಯವೇ.

ಅವಳು ಹುಡುಕುತ್ತಿರುವುದು
ಇಪ್ಪತ್ತೆರಡು ಅಕ್ಷರದ ಒಂದು ಚೂರು.
ಒಂದು ವಾಕ್ಯಕ್ಕೂ ಸಾಲದು ಅದು,
ಏನನ್ನೂ ಕಟ್ಟಲಾರದು.
ಬಹುಕಾಲ ಯಾರೂ ತಿರುಗಿ ನೋಡಲಿಲ್ಲ,
ಜೆಲ್ಲಿನ ತುದಿಯಲ್ಲಿ ಓಡಿಹೋದ ಮಸುಕು ಎಂದರು.
ಅದಕ್ಕೆ ಬರುವುದು ಒಂದೇ ಮಾತು.
ಜೀವಕೋಶದ ಒಳಗೆ ಆಜ್ಞೆಯ ಓಲೆ ಹೊರಟಾಗ
ಓಲೆಯ ಬಾಲ ಹಿಡಿದು, ಏಳಕ್ಷರ ತಾಳೆ ನೋಡಿ,
ಮೆಲ್ಲಗೆ ಹೇಳುತ್ತದೆ: ಸಾಕು.
ಕೂಗುವುದಿಲ್ಲ, ಜಗಳಕ್ಕಿಲ್ಲ,
ಬಡಿಸಲು ಬಂದ ಸೌಟಿಗೆ
ಎಲೆಯ ಮೇಲೆ ಅಡ್ಡ ಬರುವ ಅಂಗೈ, ಅಷ್ಟೇ.

(ಕನ್ನಡದಲ್ಲಿ ಆ ಪದಕ್ಕೆ ಇನ್ನೊಂದು ಅರ್ಥವಿದೆ:
ಸಾಕು, ಸಲಹು. ಹೆಲ್ಯುವಿಗೆ ಅದು ಗೊತ್ತಿಲ್ಲ.
ಜೀವಕೋಶಕ್ಕೆ ಗೊತ್ತಿರಬಹುದು.)

ಕಲ್ಲಿನ ಧೂಳು ಶ್ವಾಸಕೋಶವನ್ನು ಗೀರಿತ್ತು.
ದೇಹ ಒಳ್ಳೆಯದು. ಓಡಿ ಬಂತು,
ದಾರ ತಂತು, ಹೊಲಿಯಿತು.
ಗಾಯ ಮಾಯಿತು.
ಮಾಯುವುದು ಮಾತ್ರ ನಿಲ್ಲಲಿಲ್ಲ.
ಹೊಲಿಗೆಯ ಮೇಲೆ ಹೊಲಿಗೆ, ತೇಪೆಗೆ ತೇಪೆ,
ಗಾಳಿ ಆಡುತ್ತಿದ್ದ ಜಾಗವೆಲ್ಲ ದಪ್ಪ ಗೋಣಿ.
ಇದನ್ನು ರೋಗವೆನ್ನಲೇ? ವೈರಿ ಎಂದೋ ಹೋದ.
ಇದು ಸಾಕೆನ್ನುವವರಿಲ್ಲದ ಉಪಕಾರ.
ಬಿಡದ ಕಾಯಿಲೆಗಳ ಎಷ್ಟೋ ಗುಟ್ಟು ಹೀಗಿರಬಹುದು,
ಗಡುಸಾದ ಯಕೃತ್ತಿನಲ್ಲಿ, ಸಕ್ಕರೆಯಲ್ಲಿ ನೆನೆದ ಮೂತ್ರಪಿಂಡದಲ್ಲಿ:
ಹೊಸದೇನೋ ಬಂದು ಸೇರಿದ್ದಲ್ಲ,
ಇದ್ದದ್ದೊಂದು ದನಿ ಕುಗ್ಗಿದ್ದು.

ಯಂತ್ರ ನಲವತ್ತು ಸಲ ಕಾದು ನಲವತ್ತು ಸಲ ತಣಿಯಿತು.
ತೆರೆಯ ಮೇಲೆ ಲೆಕ್ಕ ಮೂಡಿತು.
ಮೊದಲ ಮೂರು ವರ್ಷ ಗಟ್ಟಿ.
ನಾಲ್ಕರಲ್ಲಿ ಕೂದಲೆಳೆಯಷ್ಟು ಇಳಿತ. ಆರರಲ್ಲಿ ಅರ್ಧ.
ಎಕ್ಸ್‌ರೇ ಮೊದಲ ಮಂಜು ಕಂಡದ್ದು ಒಂಬತ್ತರಲ್ಲಿ.

ಒಬ್ಬನ ಗೆರೆ ಪುರಾವೆಯಲ್ಲ,
ಹೊಸ ಹುಡುಗರಿಗೆ ಅವಳೇ ಹೇಳುವ ಪಾಠ.
ಸೂಜಿಯಲ್ಲಿ ರಕ್ತಕಣ ಒಡೆದರೂ ಗೆರೆ ಸುಳ್ಳಾಡುತ್ತದೆ.
ಇನ್ನೂ ಮುನ್ನೂರು ಜನರ ನಳಿಗೆ ಬಾಕಿ.
ಮೇಲಾಗಿ ಸಹಿ ಹಾಕಿದ ಕಾಗದವೊಂದಿದೆ:
ಸಂಖ್ಯೆಯ ಬೆನ್ನು ಹತ್ತಿ ಹೋಗಬಾರದು.

ಹೋದ ತಿಂಗಳು ಬಂದಿದ್ದ. ಎರಡನೇ ಮಹಡಿಗೆ
ಮೂರು ಕಡೆ ನಿಂತು ಬಂದಿದ್ದ.
"ನಮ್ಮ ಗಣಿಯ ಪೈನ್ ಕಂಬಗಳು ಒಳ್ಳೆಯವು ಕಣಮ್ಮಾ,
ಮುರಿಯುವ ಮೊದಲು ಕಿರುಗುಟ್ಟುತ್ತಿದ್ದವು.
ಕೇಳಿದವನು ಓಡಿದ, ಬದುಕಿದ.
ಈ ಎದೆ ನೋಡು, ಒಂದು ಮಾತೂ ಹೇಳಲಿಲ್ಲ."
ಅವಳು ಹತ್ತಿ ಒತ್ತಿ, ತನ್ನ ಮುರುಕು ರಷ್ಯನ್ನಿನಲ್ಲಿ
"ಕೈ ಮಡಿಸಿಕೋ" ಎಂದಿದ್ದಳು.

ಹೇಳಿತ್ತು, ಸವೇಲಿ.
ಹೇಳುತ್ತಿದ್ದುದನ್ನು ನಿಲ್ಲಿಸಿ ಹೇಳಿತ್ತು.
ಸದ್ದಿಗೆ ಪಳಗಿದ ಕಿವಿ ನಮ್ಮದು,
ನಿನ್ನದೂ, ಎಕ್ಸ್‌ರೇಯದೂ.

ಪುಸ್ತಕದಲ್ಲಿ ಬರೆದಳು: ಮತ್ತೊಮ್ಮೆ ಮಾಡಿ ನೋಡಬೇಕು.
ಕೈಗವಸು ಕಳಚಿದಳು. ಬೆರಳ ತುದಿ ಮರಗಟ್ಟಿತ್ತು.
ಆಮೇಲೆ, ಯಾರೂ ಹೇಳದಿದ್ದರೂ,
ಬರುವ ವರ್ಷದ ನಳಿಗೆಯೊಂದಕ್ಕೆ
ಅದೇ ಗೀಟಿನ ಚೀಟಿ ಅಂಟಿಸಿ
ಖಾಲಿಯಾಗಿಯೇ ಕಟ್ಟೆಯಲ್ಲಿ ನಿಲ್ಲಿಸಿದಳು.