ಅಣಕು ಕಾರ್ಯಾಚರಣೆ

ಕಾರ್ಗಲ್ಲಿನ ಸಮುದಾಯ ಭವನದಲ್ಲಿ ಫ್ಯಾನು ತಿರುಗುತ್ತಿರಲಿಲ್ಲ.
ಕರೆಂಟು ಹುಟ್ಟುವ ಊರಲ್ಲೇ ಕರೆಂಟು ಹೋಗಿತ್ತು;
ಯಾರೂ ನಗಲಿಲ್ಲ, ಹಳೇ ಜೋಕು ಅದು.

ಸಾಹೇಬರು ಗೋಡೆಗೆ ನಕ್ಷೆ ಹಚ್ಚಿದರು.
ಘಟ್ಟದಾಚೆಯ ಸ್ಥಾವರ ಒಂದು ಚುಕ್ಕಿ,
ಸುತ್ತ ಕೈವಾರದಲ್ಲಿ ಎಳೆದ ಬಳೆಗಳು:
ಐದು, ಹದಿನಾರು, ಮೂವತ್ತು.
ನೀವು ಕೊನೇ ಬಳೆಯ ಹೊರಗಿದ್ದೀರಿ, ಎಂದರು,
ಮದುವೆಮನೆಯಲ್ಲಿ ಮುಂದಿನ ಪಂಕ್ತಿಗೆ ಕಾಯಿರಿ ಅನ್ನುವವರ ಹಾಗೆ.
ಆದರೂ ಇರಲಿ, ಎಂದು ಮಾತ್ರೆ ಕೊಟ್ಟರು.

ನನ್ನ ತೊಡೆಯ ಮೇಲೆ ರಟ್ಟಿನ ಡಬ್ಬಿ.
ಅಯೋಡಿನ್ ಮಾತ್ರೆ ಆರುನೂರ ನಲವತ್ತು.
ನನ್ನ ಪಾಲಿನ ಜನ ಒಂಬೈನೂರ ಹನ್ನೆರಡು.
ಬಾಕಿ ಮುಂದಿನ ವಾರ, ಇಲ್ಲಿ ಸಹಿ ಹಾಕಿ.

ಸೈರನ್ ಕೂಗಿದ ಮೇಲೆ ನುಂಗಬೇಕು,
ಮುಂಚೆ ಅಲ್ಲ, ತೀರಾ ತಡವಾಗಿಯೂ ಅಲ್ಲ.
ಸೈರನ್ ಎಲ್ಲಿದೆ ಸಾರ್?
ಕೇಳಿದ್ದು ಲಾಂಚ್ ನಡೆಸುತ್ತಿದ್ದ ಕೆರಿಯಪ್ಪ.
ಮಂಜೂರಾಗಿದೆ.

ಆಮೇಲೆ ಎಲ್ಲರ ಬಾಯೂ ಒಟ್ಟಿಗೆ ಬಿಚ್ಚಿತು.
ಹಾಲು ಏನು ಮಾಡೋದು? ಡೈರಿಯ ತೀರ್ಥಪ್ಪನದು ಒಂದೇ ಪ್ರಶ್ನೆ.
ಚೆಲ್ಲಬೇಕಾಗಬಹುದು.
ಎಷ್ಟು ದಿನ? ಆಕಳಿಗೆ ಯಾರು ಹೇಳ್ತಾರೆ?
ಸಣ್ಣ ಇಂಜಿನಿಯರು ಎದ್ದು ನಿಂತ:
ಬಾಳೆಹಣ್ಣಲ್ಲೂ ವಿಕಿರಣ ಇರುತ್ತದೆ, ಹೆದರಬೇಡಿ.
ಬಾಳೆಹಣ್ಣಿಗೆ ಯಾರೂ ನಕ್ಷೆ ಬರೆಯಲ್ಲಪ್ಪ,
ಎಂದರು ಫಿಲೋಮಿನಾ ಟೀಚರು, ಕೂತಲ್ಲಿಂದಲೇ.
ವರ್ಕ್‌ಶಾಪಿನ ಮುಕ್ತಿಯಾರನಿಗೆ ಸಿಟ್ಟು:
ನನ್ನ ಭಾವ ಅಲ್ಲೇ ಹದಿನೇಳು ವರ್ಷ ದುಡಿದ,
ಎರಡು ಮಕ್ಕಳು, ಗುಂಡುಕಲ್ಲಿನ ಹಾಗಿದ್ದಾರೆ.
ಹೀಗೇ ಹೆದರಿಸ್ತಾ ಇರಿ,
ಈ ಕಡೆಯ ಹೆಣ್ಣು ಯಾರೂ ತರೋದಿಲ್ಲ ನಾಳೆ.
ಅವನದ್ದೂ ಸುಳ್ಳಲ್ಲ.

ನಾನು ಏನೂ ಕೇಳಲಿಲ್ಲ.
ಕಾಣದ್ದಕ್ಕೆ ಹೆದರುವುದು ನನಗೆ ಹೊಸತಲ್ಲ.
ಉಣುಗು ಎಳ್ಳುಕಾಳಿಗಿಂತ ಸಣ್ಣದು.
ಮಂಗನ ಕಾಯಿಲೆಯ ವರ್ಷ ಮನೆಮನೆಗೆ ಎಣ್ಣೆಬಾಟಲಿ ಹಂಚಿದವಳು ನಾನೇ;
ದುಗ್ಗಮ್ಮನ ಮನೆಗೆ ಬಾಟಲಿ ಮುಟ್ಟಿದ್ದು
ಅವಳ ಹನ್ನೊಂದರ ದಿನ.
ರಿಜಿಸ್ಟರಿನಲ್ಲಿ ಅದೂ 'ವಿತರಿಸಲಾಗಿದೆ'.
ಆಗ ಒಂದು ಮಂಗವಾದರೂ ಮರದಿಂದ ಬಿದ್ದು ಹೇಳುತ್ತಿತ್ತು.
ಇದಕ್ಕೆ ಮೊದಲು ಬೀಳುವವರು ಯಾರು?

ಕೊನೆಗೆ ಬಂಗಾರಮ್ಮ, ಗೋಡೆ ಹಿಡಿದು ಎದ್ದು:
ಎಲ್ಲಿಗೆ ಒಯ್ತೀರಿ ನಮ್ಮನ್ನ?
ಸುರಕ್ಷಿತ ಸ್ಥಳಕ್ಕೆ, ಅಜ್ಜಿ.
ಡ್ಯಾಮಿನ ನೀರು ಬಂದಾಗ್ಲೂ ಹಂಗೇ ಅಂದಿದ್ರು.
ಲಾರಿ ಬಂತು, ಕಾಡಲ್ಲಿ ಇಳಿಸ್ತು.
ಆ ಜಾಗದ್ದು ಪಟ್ಟಾ ಇನ್ನೂ ಬರ್ಲಿಲ್ಲ.
ಸಾಹೇಬರು ನೀರು ಕುಡಿದರು.

ಗುರುವಾರ ಅಣಕು ಕಾರ್ಯಾಚರಣೆ.
ಅಣಕಿಸುವವರು ಯಾರು, ಅಣಕಿಸಿಕೊಂಡವರು ಯಾರು,
ಆ ದಿನ ಪೂರ್ತಿ ನನಗೆ ತಿಳಿಯಲಿಲ್ಲ.
ಹತ್ತು ಮಕ್ಕಳ ಕೊರಳಿಗೆ 'ಬಾಧಿತ' ಎಂಬ ಹಳದಿ ಚೀಟಿ.
ಚೀಟಿ ಸಿಗದವರು ಅತ್ತರು.
ಎರಡು ಬಸ್ಸು ಬರಬೇಕಿತ್ತು, ಒಂದು ತಾಳಗುಪ್ಪದಲ್ಲಿ ಕೆಟ್ಟಿತು;
ವರದಿಯಲ್ಲಿ ಎರಡೂ ಬಂದವು.

ರಾತ್ರಿ ಪಟ್ಟಿ ಬರೆಯಲು ಕೂತೆ.
ಮೊದಲು ಬಸುರಿಯರು, ಬಾಣಂತಿಯರು, ಮಕ್ಕಳು.
ನಲವತ್ತು ದಾಟಿದವರಿಗೆ ಅಷ್ಟೇನೂ ಅಗತ್ಯವಿಲ್ಲ
ಎಂದು ಕೈಪಿಡಿಯ ಒಂಬತ್ತನೇ ಪುಟ.
ನನಗೆ ನಲವತ್ತಮೂರು. ಒಂದು ಗೆರೆ ಎಳೆದೆ, ಸಲೀಸಾಗಿ.
ಕೆರಿಯಪ್ಪನ ಹೆಸರಿನ ಮುಂದೆ ಪೆನ್ನು ನಿಂತಿತು.
ಬಂಗಾರಮ್ಮನ ಮುಂದೆಯೂ.
ಹೊಡೆದೆ, ಮತ್ತೆ ಬರೆದೆ.

ಡಬ್ಬಿಯ ಜೊತೆ ಕೊಟ್ಟ ನಮೂನೆಯಲ್ಲಿ
ಕಾಲಂ ಏಳು: ಗಾಳಿಯ ದಿಕ್ಕು, ದಿನಾ ಬೆಳಿಗ್ಗೆ ಆರಕ್ಕೆ.
ಯಂತ್ರ ಕೊಟ್ಟಿಲ್ಲ.
ಬಚ್ಚಲ ಒಲೆ ಹಚ್ಚಿ ಹೊರಗೆ ಬಂದು ನೋಡಿದೆ.
ಹೊಗೆ ಹಂಚಿನ ಸಂದಿಯಿಂದ ಎದ್ದು
ಯಾವ ಕಡೆಗೂ ಬಾಗದೆ
ನೆಟ್ಟಗೆ ನಿಂತಿತ್ತು.
ಏನಂತ ಬರೆಯಲಿ?